ಕೋಲಾರದ ದಾರಿಯಲ್ಲಿ ರಾತ್ರಿಯ ಬಿಡಾರ

ಮಂಗಳೂರಿನಿಂದಲೋ ಶಿವಮೊಗ್ಗೆಯಿಂದಲೋ ಹುಬ್ಬಳ್ಳಿಯಿಂದಲೋ ಸಂಸಾರ ಸಮೇತರಾಗಿ ಮೋಟಾರಿನಲ್ಲಿ ತಿರುಪತಿಗೆ ಹೊರಟವರು ಬೆಂಗಳೂರನ್ನು ದಾಟುವ ವೇಳೆಗೆ ಸಾಮಾನ್ಯವಾಗಿ ದೀಪ ಹಚ್ಚುವ ಹೊತ್ತಾಗಿರುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು ೩೫೦ ಕಿಲೋಮೀಟರು. ಹುಬ್ಬಳ್ಳಿಯಿಂದಾದರೆ ನಾನೂರಕ್ಕೂ ಮಿಗಿಲು. ಇದರ ಮೇಲೆ ನಗರವನ್ನು ಹಾಯುವುದಕ್ಕೆ ಹಿಡಿಯುವ ಕಾಲವು ಬೇರೆ. ಕಡೆಗೊಮ್ಮೆ ಹೊಸಕೋಟೆ ಹಿಂದಾಗಿ ರಸ್ತೆ ತೆರವಾಯಿತೆಂದರೆ ವಾಹನದೊಳಗೆ ಒಂದು ಚರ್ಚೆ ಏಳುವುದು. “ರಸ್ತೆ ಚೆನ್ನಾಗಿದೆ, ಒಂದೇ ಓಟಕ್ಕೆ ಹೋಗಿಬಿಡೋಣ” ಎಂದು ಯಜಮಾನರು. “ಮಕ್ಕಳಿಗೆ ಊಟವಾಗಿಲ್ಲ, ಅತ್ತೆಯವರ ಕಾಲು ಊದಿಕೊಂಡಿದೆ” ಎಂದು ಮನೆಯಾಕೆ. ಈ ಚರ್ಚೆಯಲ್ಲಿ ಬಾಯಿ ಹಾಕದೆ ಮುಂದಿನ ರಸ್ತೆಯನ್ನೇ ನೋಡುತ್ತ ಕುಳಿತವನು ವಾಹನವನ್ನು ನಡೆಸುವವನೊಬ್ಬನೇ. ನಾವು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಅವನನ್ನು ಕುರಿತು. ಆದರೆ ಅದಕ್ಕೆ ಮುಂಚೆ ದಾರಿಯನ್ನೂ ಊರುಗಳನ್ನೂ ಪರಿಚಯ ಮಾಡಿಕೊಡುವುದು ಯುಕ್ತವಾಗಿದೆ.

ಮೊದಲು ಯಜಮಾನರ ಲೆಕ್ಕವನ್ನು ನೋಡೋಣ. ಬೆಂಗಳೂರಿನಿಂದ ತಿರುಪತಿಗೆ ಸುಮಾರು ೨೫೦ ಕಿಲೋಮೀಟರು. ರಾತ್ರಿ ಎಂಟು ಗಂಟೆಗೆ ಹೊಸಕೋಟೆಯಲ್ಲಿದ್ದವರು ನಡುವೆ ಊಟಕ್ಕೆಂದು ಒಮ್ಮೆ ನಿಂತು ನಡುರಾತ್ರಿ ಕಳೆದ ಮೇಲೆ ತಿರುಪತಿಯನ್ನು ಮುಟ್ಟಿದರೆನ್ನೋಣ. ಮುಟ್ಟಿದುದರಿಂದ ಬಂದ ಪ್ರಯೋಜನವೇನು? ಬೆಟ್ಟದ ರಸ್ತೆಗೆ ಬಾಗಿಲಾದ ಅಲಿಪಿರಿಯಲ್ಲಿ ನಡುರಾತ್ರಿಯ ಕೆಲವು ಗಂಟೆಗಳ ಕಾಲ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ಕೆಳಗಿನ ಊರಿನಲ್ಲಿ ಆ ಹೊತ್ತಿನಲ್ಲಿ ಕೊಠಡಿ ಹುಡುಕುವುದು ಹರಕೆಗಿಂತ ಕಷ್ಟ. ಇಷ್ಟನ್ನು ಗಳಿಸುವುದಕ್ಕಾಗಿ ಪಲಮನೇರಿಗೂ ಚಿತ್ತೂರಿಗೂ ನಡುವಣ ಮೊಗಿಲಿ ಘಾಟಿಯನ್ನು, ಅಪಘಾತಗಳಿಗೆ ಹೆಸರಾದ ಆ ಇಳಿಜಾರನ್ನು, ಕಣ್ಣಿಗೆ ನಿದ್ದೆ ಹತ್ತುವ ಸಮಯದಲ್ಲಿ ಇಳಿಯಬೇಕು. ಬೆಳಗಿನಿಂದ ಹತ್ತು ಹನ್ನೆರಡು ಗಂಟೆಗಳ ಕಾಲ ಚಕ್ರ ಹಿಡಿದವನಿಗೆ ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನ ವೇಳೆಯಷ್ಟು ಅಪಾಯದ ವೇಳೆ ಬೇರೊಂದಿಲ್ಲ. ಆದುದರಿಂದ ನಿಲ್ಲುವುದೇ ಲೇಸು. ಎಲ್ಲಿ ನಿಲ್ಲುವುದೆಂಬುದನ್ನು ಮಾತ್ರ ಹೊತ್ತು ಮುಳುಗುವುದಕ್ಕೆ ಮುಂಚೆ ಗೊತ್ತುಮಾಡಿಕೊಂಡಿರಬೇಕು.

ಇಲ್ಲಿ ಒಂದು ಮಾತಿನ ತೊಡಕಿದೆ. ನಮ್ಮ ಸೀಮೆಯಲ್ಲಿ ಹೋಟೆಲೆಂದರೆ ಇಡ್ಲಿ, ಕಾಫಿ ದೊರೆಯುವ ಸ್ಥಳ. ಮಲಗುವುದಕ್ಕೆ ಎಡೆ ಬೇಕಾದವರು ಲಾಡ್ಜನ್ನು ಕೇಳಬೇಕು. ರಾತ್ರಿ ಹತ್ತು ಗಂಟೆಯಲ್ಲಿ “ಒಳ್ಳೆಯ ಹೋಟೆಲು ಎಲ್ಲಿದೆ?” ಎಂದು ಕೇಳಿದ ಪರಸ್ಥಳದವರನ್ನು ಕೋಲಾರದ ಜನರು ಬಹು ಸೌಜನ್ಯದಿಂದ ದೋಸೆಯಂಗಡಿಗೆ ಕಳುಹಿಸಿಕೊಡುತ್ತಾರೆ. ಅವರ ತಪ್ಪೇನೂ ಇಲ್ಲ. ಕನ್ನಡ, ತೆಲುಗು, ಉರ್ದು, ತಮಿಳು ನಾಲ್ಕೂ ಬೀದಿಯಲ್ಲಿ ಕೇಳಬರುವ ಗಡಿನಾಡು ಇದು. ಯಾವ ಮಾತಿನಲ್ಲಿ ಕೇಳಿದರೂ ಉತ್ತರ ಸಿಕ್ಕುತ್ತದೆ, ಆದರೆ ಕೇಳಿದ್ದಕ್ಕೆ ತಕ್ಕ ಉತ್ತರವೇ ಸಿಕ್ಕುತ್ತದೆ.

ಕೋಲಾರವು ಬೆಂಗಳೂರಿಗೆ ಸುಮಾರು ೬೮ ಕಿಲೋಮೀಟರು ದೂರದಲ್ಲಿದೆ. ಇಷ್ಟು ಹತ್ತಿರದಲ್ಲಿ ನಿಲ್ಲುವುದೇಕೆಂದು ಬೆಂಗಳೂರಿನವರು ನಕ್ಕಾರು. ಅವರಿಗಾಗಿ ಈ ಸಲಹೆಯಲ್ಲ. ದೂರದಿಂದ ಬಂದವರಿಗೆ ನಗರದ ಗದ್ದಲವನ್ನು ಹಿಂದೆ ಹಾಕಿ ನಿದ್ದೆ ಮಾಡುವುದೇ ಒಂದು ಲಾಭ. ಹೆದ್ದಾರಿಯು ಊರನ್ನು ಹೊಗದೆ ಪಕ್ಕದಲ್ಲಿ ಹಾದುಹೋಗುವುದರಿಂದ ಇಲ್ಲಿ ಬಿಡಾರಗಳು ಎರಡು ಬಗೆಯಾಗಿವೆ. ಹೆದ್ದಾರಿಯ ಅಂಚಿನ ಹೊಸ ಕಟ್ಟಡಗಳಲ್ಲಿ ವಾಹನ ನಿಲ್ಲಿಸುವುದಕ್ಕೆ ಬಯಲಿರುತ್ತದೆ, ಮೆಟ್ಟಿಲು ಹತ್ತಲಾರದವರಿಗೆ ಲಿಫ್ಟಿರುತ್ತದೆ. ಬಾಡಿಗೆಯೂ ಅದಕ್ಕೆ ತಕ್ಕ ಹಾಗೆಯೇ ಇರುತ್ತದೆ. ಆದರೆ ರಸ್ತೆಯ ಕಡೆಗೆ ಕಿಟಕಿಯಿರುವ ಕೊಠಡಿಯನ್ನು ಹಿಡಿದವರು ರಾತ್ರಿಯೆಲ್ಲ ಲಾರಿಗಳ ಹಾರನ್ನುಗಳನ್ನು ಎಣಿಸಬೇಕಾದೀತು. ಹಿಂಭಾಗದ ಕೊಠಡಿಯನ್ನೇ ಕೇಳಿ ಪಡೆಯತಕ್ಕದ್ದು. ಊರೊಳಗೆ, ಬಸ್ ನಿಲ್ದಾಣದ ಆಸುಪಾಸಿನಲ್ಲಿರುವ ಹಳೆಯ ಲಾಡ್ಜುಗಳು ಅಗ್ಗವಾದವು. ಹಾಲು, ಹಣ್ಣು, ಔಷಧ ಎಲ್ಲವೂ ನಾಲ್ಕು ಹೆಜ್ಜೆಯಲ್ಲಿ ದೊರೆಯುತ್ತವೆ. ವಾಹನ ಮಾತ್ರ ಬೀದಿಯಲ್ಲಿ ನಿಲ್ಲಬೇಕಾಗುವುದು.

ವೃದ್ಧರನ್ನೂ ಎಳೆಯ ಮಕ್ಕಳನ್ನೂ ಕರೆದುಕೊಂಡು ಹೊರಟವರಿಗೆ ನಾವು ಕೋಲಾರವನ್ನೇ ಹೇಳುತ್ತೇವೆ. ಅದಕ್ಕೆ ಕಾರಣ ಕೊಠಡಿಗಳಲ್ಲ. ಊರಿನಲ್ಲಿ ಎಸ್. ಎನ್. ಆರ್. ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಪ್ರಯಾಣದ ಆಯಾಸದಿಂದ ಹಿರಿಯರಿಗೆ ಎದೆನೋವೋ, ಮಗುವಿಗೆ ವಾಂತಿಯೋ ಬಂದ ರಾತ್ರಿ ಹತ್ತಿರದಲ್ಲಿ ವೈದ್ಯರಿರುವುದಕ್ಕಿಂತ ದೊಡ್ಡ ಅನುಕೂಲ ಮತ್ತಾವುದು? ಬೆಳಿಗ್ಗೆ ಒಂದು ಗಂಟೆ ಬಿಡುವಿದ್ದರೆ ಕೋಲಾರಮ್ಮನ ಗುಡಿ, ಸೋಮೇಶ್ವರ, ಬೆಟ್ಟದ ಮೇಲಿನ ಅಂತರಗಂಗೆಯ ಒರತೆ, ಹೈದರಾಲಿಯ ತಂದೆ ಫತೇ ಮಹಮ್ಮದನ ಸಮಾಧಿ ಇವುಗಳಲ್ಲಿ ಒಂದನ್ನಾದರೂ ನೋಡಬಹುದು. ಎಲ್ಲವನ್ನೂ ನೋಡುತ್ತೇವೆಂದು ಹೊರಟರೆ ತಿರುಪತಿ ತಪ್ಪುತ್ತದೆ.

ಇಲ್ಲಿ ಕೊಠಡಿಗಳು ಯಾವಾಗಲೂ ಖಾಲಿಯಿರುತ್ತವೆಂದು ತಿಳಿಯಬಾರದು. ನರಸಾಪುರದಲ್ಲಿ ೨೦೧೩ರಲ್ಲಿ ಹೋಂಡಾ ಕಾರ್ಖಾನೆ ಪ್ರಾರಂಭವಾದಂದಿನಿಂದ ನರಸಾಪುರ ವೇಮಗಲ್ ಕಡೆಗಳಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳು ಎದ್ದಿವೆ. ಕೆಲಸದ ದಿನಗಳಲ್ಲಿ ಅಲ್ಲಿಗೆ ಬಂದುಹೋಗುವವರು ಒಳ್ಳೆಯ ಕೊಠಡಿಗಳನ್ನು ಮುಂಚಿತವಾಗಿಯೇ ಹಿಡಿದಿಟ್ಟಿರುವುದುಂಟು. ಕೋಲಾರದ ಟೊಮ್ಯಾಟೊ ಮಾರುಕಟ್ಟೆ ದೇಶದ ಅತಿ ದೊಡ್ಡವುಗಳಲ್ಲೊಂದು. ಸುಗ್ಗಿಯಲ್ಲಿ ದೂರದ ವರ್ತಕರೂ ಬಂದು ಇಳಿಯುತ್ತಾರೆ. ಮದುವೆಯ ತಿಂಗಳುಗಳಂತೂ ಹೇಳಬೇಕಾದುದೇ ಇಲ್ಲ. ಹೊರಡುವ ಹಿಂದಿನ ದಿನ ದೂರವಾಣಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳುವುದಕ್ಕೆ ಆಗುವ ಶ್ರಮ ಎಷ್ಟು ಮಾತ್ರದ್ದು!

ಕೋಲಾರದಿಂದ ಸುಮಾರು ೩೦ ಕಿಲೋಮೀಟರು ಮುಂದೆ ಮುಳಬಾಗಿಲು. ಮೂಡಲ ಬಾಗಿಲೆಂಬುದೇ ಹೀಗಾಯಿತೆಂದು ಹೇಳುವರು. ಹೆಸರಿಗೆ ತಕ್ಕಂತೆ ಇದು ಕನ್ನಡನಾಡಿನ ಪೂರ್ವದ ಹೊಸ್ತಿಲು. ಇನ್ನೂ ಸ್ವಲ್ಪ ಮುಂದಿರುವ ನಂಗಲಿಯನ್ನು ಹೊಯ್ಸಳರ ಶಾಸನಗಳು ವಿಷ್ಣುವರ್ಧನನ ರಾಜ್ಯದ ಮೂಡಣ ಎಲ್ಲೆಯೆಂದು ಹೇಳುತ್ತವೆ. ಡಿ. ವಿ. ಗುಂಡಪ್ಪನವರು ೧೮೮೭ರಲ್ಲಿ ಹುಟ್ಟಿದ ಊರು ಮುಳಬಾಗಿಲೇ. ಊರಲ್ಲಿ ಆಂಜನೇಯನ ಗುಡಿಯಿದೆ, ಹೈದರ್ ವಲಿಯವರ ದರ್ಗಾ ಇದೆ. ಊರಿಗೆ ಸಮೀಪದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ತಿರುಪತಿಗೆ ಹೋಗುವ ಯಾತ್ರಿಕರು ಮೊದಲು ಈ ತೀರ್ಥದಲ್ಲಿ ಕ್ಷೌರ ಮಾಡಿಸಿಕೊಂಡು ಸ್ನಾನ ಮಾಡಿ ಶುದ್ಧರಾಗಿ ಮುಂದುವರಿಯಬೇಕೆಂಬ ಸಂಪ್ರದಾಯವಿದ್ದುದನ್ನು ಹಳೆಯ ಗೆಜೆಟಿಯರುಗಳು ಬರೆದಿಟ್ಟಿವೆ. ಎಂದರೆ ಇಲ್ಲಿ ಒಂದು ರಾತ್ರಿ ತಂಗಿ ಹೋಗುವುದು ನಾವು ಈಗ ಹೊಸದಾಗಿ ಕಂಡುಹಿಡಿದ ಉಪಾಯವಲ್ಲ. ಎತ್ತಿನ ಗಾಡಿಯ ಕಾಲದ ಹಿರಿಯರು ಇದನ್ನು ಧರ್ಮವೆಂದು ಹೆಸರಿಟ್ಟು ನಡೆಸಿಕೊಂಡು ಬಂದರು. ಅದರಿಂದ ಮನುಷ್ಯನಿಗೂ ಎತ್ತಿಗೂ ವಿಶ್ರಾಂತಿ ದೊರೆಯುತ್ತಿತ್ತೆಂಬುದು ನಮ್ಮ ಊಹೆ.

ಮುಳಬಾಗಿಲಿನಲ್ಲಿ ಲಾಡ್ಜುಗಳ ಸಂಖ್ಯೆ ಕೋಲಾರಕ್ಕಿಂತ ಕಡಿಮೆ, ಆಡಂಬರವೂ ಕಡಿಮೆ. ಆದರೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೊರಟರೆ ತಿರುಪತಿ ಸುಮಾರು ೧೫೦ ಕಿಲೋಮೀಟರು ಮಾತ್ರ; ಮೊಗಿಲಿ ಘಾಟಿಯನ್ನು ಸೂರ್ಯನ ಬೆಳಕಿನಲ್ಲಿ ಇಳಿಯಬಹುದು. ಶ್ರಾವಣ ಶನಿವಾರಗಳಲ್ಲಿಯೂ ವೈಕುಂಠ ಏಕಾದಶಿಯ ಆಸುಪಾಸಿನಲ್ಲಿಯೂ ಇಲ್ಲಿ ಸ್ಥಳ ಸಿಕ್ಕುವುದೆಂದು ನಂಬಿ ಬರಬಾರದು. ಮಠದ ಆಶ್ರಯವನ್ನು ಅಪೇಕ್ಷಿಸುವವರು ಮುಂಚಿತವಾಗಿ ತಿಳಿಸಿ ಕೇಳಿಕೊಳ್ಳುವುದು ಮರ್ಯಾದೆ. ನಡುರಾತ್ರಿಯಲ್ಲಿ ಬಾಗಿಲು ತಟ್ಟುವುದಕ್ಕೆ ಮಠವು ಲಾಡ್ಜಲ್ಲ. ಊಟದ ವಿಷಯವಾಗಿ ಹೆಚ್ಚು ಬರೆಯುವುದಿಲ್ಲ. ತುಪ್ಪ ಸುರಿದು ಕಬ್ಬಿಣದ ಕಾವಲಿಯಲ್ಲಿ ದಪ್ಪವಾಗಿ ಹುಯ್ಯುವ ಮುಳಬಾಗಿಲು ದೋಸೆಯ ಕೀರ್ತಿ ಬೆಂಗಳೂರಿನವರೆಗೂ ಹೋಗಿ ನೆಲಸಿದೆ. ಅದನ್ನು ರಾತ್ರಿ ತಿಂದು ಒಡನೆಯೆ ಮಲಗುವುದಕ್ಕಿಂತ ಬೆಳಿಗ್ಗೆ ತಿಂದು ಹೊರಡುವುದು ಒಳ್ಳೆಯದೆಂಬುದಷ್ಟು ನಮ್ಮ ಅಭಿಪ್ರಾಯ.

ಬೆಂಗಳೂರನ್ನೇ ಹೊಗದೆ ಚಿಕ್ಕಬಳ್ಳಾಪುರ ಚಿಂತಾಮಣಿಗಳ ಮೇಲೆ ಬರುವವರಿಗೆ ಶ್ರೀನಿವಾಸಪುರ ಸಿಕ್ಕುತ್ತದೆ. ಈ ಊರಿನ ಹಳೆಯ ಹೆಸರು ಪಾಪನಪಲ್ಲಿಯೆಂದೂ, ದಿವಾನ್ ಪೂರ್ಣಯ್ಯನವರು ತಿರುಪತಿಯ ಯಾತ್ರೆಯಿಂದ ಹಿಂದಿರುಗುತ್ತ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಇದಕ್ಕೆ ಇಟ್ಟರೆಂದೂ ಗೆಜೆಟಿಯರು ಹೇಳುತ್ತದೆ. ಈಗಿನ ಪ್ರಯಾಣಿಕನು ಇಲ್ಲಿ ಇಳಿಯುವುದು ಅಪರೂಪ. ಇದು ಮಾವಿನ ಊರು. ಬಾದಾಮಿ, ರಸಪುರಿ, ತೋತಾಪುರಿಗಳ ಮಂಡಿಗಳು ತೆರೆದಿರುವ ಬೇಸಿಗೆಯ ದಿನಗಳಲ್ಲಿ ಇರುವ ಕೆಲವೇ ಕೊಠಡಿಗಳು ವರ್ತಕರಿಗೇ ಸಾಲವು. ಹಣ್ಣನ್ನು ಕೊಂಡು ಮುಳಬಾಗಿಲಿಗೆ ನಡೆಯುವುದೇ ಜಾಣತನ.

ಮಾಲೂರಿನ ಸಂಗತಿ ಬೇರೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೮೯೧ರಲ್ಲಿ ಹುಟ್ಟಿದ ಹುಂಗೇನಹಳ್ಳಿ ಈ ತಾಲ್ಲೂಕಿನದು. ಇಟ್ಟಿಗೆ ಹೆಂಚುಗಳಿಗೂ ಹೂವಿಗೂ ಹೆಸರಾದ ಮಾಲೂರಿಗೆ ೧೮೬೪ರಲ್ಲೇ ರೈಲು ಬಂದಿತು, ಆದರೆ ಹಳೆಯ ಮದರಾಸು ರಸ್ತೆ ಇದನ್ನು ಬದಿಗೆ ಬಿಟ್ಟು ಹೋಗಿತ್ತು. ಈಗ ಬೆಂಗಳೂರು ಚೆನ್ನೈ ನಡುವೆ ಸುಮಾರು ೨೬೦ ಕಿಲೋಮೀಟರುಗಳ ಹೊಸ ಎಕ್ಸ್‌ಪ್ರೆಸ್ ರಸ್ತೆಯು ಹೊಸಕೋಟೆಯಿಂದ ಮಾಲೂರು, ಬೇತಮಂಗಲಗಳ ಕಡೆಗೆ ಹೋಗುತ್ತದೆ. ಅದರ ಕರ್ನಾಟಕದ ಭಾಗದಲ್ಲಿ ೨೦೨೪ರ ಕಡೆಯಲ್ಲಿ ವಾಹನಗಳು ಓಡಾಡತೊಡಗಿದವು. ೧೮೦೦ರಲ್ಲಿ ಮದರಾಸಿನಿಂದ ಮೈಸೂರು ಸೀಮೆಗೆ ಬಂದ ಬುಕಾನನ್ ಸಾಹೇಬನೂ ಬೇತಮಂಗಲದ ಮಾರ್ಗವಾಗಿಯೇ ಬಂದನೆಂಬುದನ್ನು ನೆನೆದರೆ ವಿನೋದವೆನಿಸುತ್ತದೆ. ಆದರೆ ಎಚ್ಚರಿಕೆ: ಇಂತಹ ರಸ್ತೆಗೆ ಗೊತ್ತಾದ ಕಡೆಗಳಲ್ಲಿ ಮಾತ್ರ ಹತ್ತಬೇಕು, ಗೊತ್ತಾದ ಕಡೆಗಳಲ್ಲಿ ಮಾತ್ರ ಇಳಿಯಬೇಕು. ನಿದ್ದೆ ಬಂದ ಕಡೆ ಬದಿಗೆ ತಿರುಗಿ ಊರು ಸೇರುವ ಅವಕಾಶ ಹಳೆಯ ರಸ್ತೆಯಲ್ಲಿದ್ದಂತೆ ಇದರಲ್ಲಿಲ್ಲ. ರಾತ್ರಿ ತಂಗುವವರಿಗೆ ಹಳೆಯ ರಸ್ತೆಯೇ ಅನುಕೂಲ.

ಸರ್ಕಾರದ ಪ್ರವಾಸಿ ಮಂದಿರವನ್ನು ನೆಚ್ಚಿಕೊಳ್ಳುವವರು ಈಗಲೂ ಇದ್ದಾರೆ. ಮರದ ನೆರಳು, ಅಗಲವಾದ ಜಗಲಿ, ಎತ್ತರದ ಮಾಳಿಗೆ ಇವೆಲ್ಲ ಮನಸ್ಸಿಗೆ ಹಿತವೇ. ಆದರೆ ಮುಂಚಿತವಾಗಿ ಇಲಾಖೆಯ ಅಪ್ಪಣೆಯಾಗಬೇಕು, ಅಪ್ಪಣೆಯಾದ ಮೇಲೂ ಅಧಿಕಾರಿಗಳು ಬಂದರೆ ಅವರಿಗೆ ಮೊದಲ ಹಕ್ಕು. ಮಕ್ಕಳೊಂದಿಗೆ ಹೊರಟವರು ಇದನ್ನು ಎರಡನೆಯ ಉಪಾಯವಾಗಿ ಇಟ್ಟುಕೊಳ್ಳಬಹುದು.

ಇನ್ನು ಒಂದು ಲಾಡ್ಜಿನ ಮುಂದೆ ವಾಹನ ನಿಲ್ಲಿಸಿದ ಮೇಲೆ ಅದು ಗೃಹಸ್ಥರಿಗೆ ತಕ್ಕದ್ದೇ ಅಲ್ಲವೇ ಎಂದು ತಿಳಿಯುವ ಬಗೆ. ೧೮೬೭ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಸರಾಯಿಗಳ ಕಾಯಿದೆಯೆಂಬುದೊಂದನ್ನು ಮಾಡಿದರು. ದಾರಿಗರ ತಂಗುಮನೆಗಳನ್ನು ನಡೆಸುವವರು ತಮ್ಮ ಹೆಸರನ್ನು ದಾಖಲು ಮಾಡಿಸಬೇಕು, ಕಟ್ಟಡವನ್ನೂ ನೀರನ್ನೂ ಚೊಕ್ಕಟವಾಗಿಡಬೇಕು, ಇಳಿದುಕೊಂಡವರ ಮತ್ತು ಅವರ ದನ ಗಾಡಿಗಳ ರಕ್ಷಣೆಗೆ ಕಾವಲುಗಾರರನ್ನು ಇಡಬೇಕು, ಬಾಡಿಗೆಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂಬುದು ಅದರ ಸಾರ. ಒಂದೂವರೆ ಶತಮಾನ ಕಳೆದರೂ ನಾವು ಕೇಳಬೇಕಾದುದು ಇದಕ್ಕಿಂತ ಬಹಳ ಹೆಚ್ಚೇನಲ್ಲ. ಬಾಡಿಗೆಯ ಪಟ್ಟಿ ಕಾಣುವಂತಿದೆಯೇ? ರಾತ್ರಿ ಕಾವಲಿಗೆ ಮನುಷ್ಯನಿದ್ದಾನೆಯೇ? ಇವೆರಡಕ್ಕೂ ಸಮಾಧಾನಕರವಾದ ಉತ್ತರ ಬಂದ ಮೇಲೆ ಕೊಠಡಿಯನ್ನು ನೋಡಬೇಕು; ಹಣ ಕೊಡುವುದು ಆಮೇಲೆ.

ಕೊಠಡಿಯನ್ನು ನೋಡುವ ಕೆಲಸವನ್ನು ಗೃಹಿಣಿಯರಿಗೆ ಬಿಡುವುದು ಉತ್ತಮ. ಗಂಡಸರು ಮಂಚವನ್ನೂ ಗೋಡೆಯ ಟೆಲಿವಿಷನ್ನನ್ನೂ ನೋಡಿ ತೃಪ್ತರಾಗುತ್ತಾರೆ. ಮನೆಯಾಕೆ ಮೊದಲು ಬಾಗಿಲಿನ ಚಿಲಕವನ್ನು ಎಳೆದು ನೋಡುವಳು, ಬಚ್ಚಲಿನ ನಲ್ಲಿಯನ್ನು ತಿರುಗಿಸುವಳು, ದಿಂಬಿನ ಚೀಲವನ್ನು ಮೂಸುವಳು, ಹಾಸಿಗೆಯ ಮೂಲೆಯನ್ನೆತ್ತಿ ತಿಗಣೆಯ ಗುರುತನ್ನು ಹುಡುಕುವಳು. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆಂದು ಕೇಳಿದರೆ ಸಾಲದು, ನಾಲ್ಕು ಗಂಟೆಗೆ ಬೇಕೆಂದು ಹೇಳಿ ಒಪ್ಪಿಸಿಕೊಳ್ಳಬೇಕು. ಕೆಳಗಿನ ಅಂತಸ್ತಿನಲ್ಲಿ ಬಾರ್ ಇರುವ ಲಾಡ್ಜು ಎಷ್ಟೇ ಚೊಕ್ಕಟವಾಗಿದ್ದರೂ ಸಂಸಾರಸ್ಥರಿಗೆ ಹೇಳಿದುದಲ್ಲ. ಅದು ಮುಚ್ಚುವವರೆಗೆ ಮಕ್ಕಳು ಮಲಗುವುದಿಲ್ಲ.

ಕುಡಿಯುವ ನೀರಿನ ವಿಷಯದಲ್ಲಿ ಈ ಜಿಲ್ಲೆಯಲ್ಲಿ ವಿಶೇಷ ಜಾಗರೂಕತೆ ಬೇಕು. ಕೋಲಾರ ಜಿಲ್ಲೆಗೆ ವರ್ಷವೆಲ್ಲ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿ ಕೊಳವೆ ಬಾವಿಗಳು ಬಹಳ ಆಳಕ್ಕೆ ಇಳಿದವು, ಹಲವು ಕಡೆ ಅವುಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ೨೦೧೮ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ಇಲ್ಲಿಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ; ಅದು ಅಂತರ್ಜಲಕ್ಕಾಗಿ, ಕುಡಿಯುವುದಕ್ಕಲ್ಲ. ಒಂದು ರಾತ್ರಿಯ ನೀರಿನಿಂದ ಫ್ಲೋರೈಡಿನ ಕೇಡು ತಟ್ಟುವುದಿಲ್ಲವಾದರೂ ನಲ್ಲಿಯ ನೀರನ್ನು ಸ್ನಾನಕ್ಕೆ ಬಿಟ್ಟು ಕುಡಿಯುವುದಕ್ಕೆ ಶುದ್ಧೀಕರಿಸಿದ ನೀರನ್ನು ತರಿಸಿಕೊಳ್ಳತಕ್ಕದ್ದು. ಬಕೆಟ್ಟನ್ನು ತುಂಬಿ ಹರಿಯಬಿಡದಂತೆ ಮಕ್ಕಳಿಗೂ ಹೇಳಬೇಕು. ಈ ಊರುಗಳಲ್ಲಿ ನೀರಿನ ಬೆಲೆ ಎಲ್ಲರಿಗೂ ಗೊತ್ತಿದೆ.

ಲೆಕ್ಕಪತ್ರದ ಮಾತು ಎರಡು. ಗುರುತಿನ ಚೀಟಿಯನ್ನು ಕೇಳುವುದು ಲಾಡ್ಜಿನವರ ಕರ್ತವ್ಯ. ಆಧಾರನ್ನು ಕೊಡುವುದಾದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಕೊಡಬಹುದು. ದಿನಕ್ಕೆ ೭,೫೦೦ ರೂಪಾಯಿ ಮೀರದ ಕೊಠಡಿಗೆ ತೆರಿಗೆಯು ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡ ೧೨ಕ್ಕೆ ಬದಲಾಗಿ ಶೇಕಡ ೫ ಆಗಿದೆ. ರಸೀದಿಯನ್ನು ಓದಿ ನೋಡುವ ಅಭ್ಯಾಸ ಯಾತ್ರೆಯಲ್ಲಿಯೂ ಇರಲಿ.

ಇಷ್ಟೆಲ್ಲವನ್ನೂ ನೋಡಿ ಕೇಳಿ ತೃಪ್ತರಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹತ್ತರಲ್ಲಿ ಒಂಬತ್ತು ಸಂಸಾರಗಳು ಅದನ್ನು ಕೇಳುವುದಿಲ್ಲವೆಂದು ನಮಗೆ ತೋರುತ್ತದೆ. “ಸ್ವಾಮಿ, ನಮ್ಮ ಡ್ರೈವರಿಗೆ ಮಲಗುವುದಕ್ಕೆ ಜಾಗವಿದೆಯೇ?” ಎಂದು ನಾವು ಕೇಳಿದ ಕಡೆಗಳಲ್ಲಿ ಬಂದ ಉತ್ತರ ಸಾಮಾನ್ಯವಾಗಿ ಒಂದೇ: “ಗಾಡೀಲೇ ಮಲಗ್ತಾರೆ ಸಾರ್, ಎಲ್ಲರೂ ಹಾಗೇನೇ.” ಬಾಡಿಗೆಯ ವಾಹನದವನಿಗೆ ದಿನದ ಬಾಟಾ ಕೊಟ್ಟಿದ್ದೇವಲ್ಲ, ಅವನ ಪಾಡು ಅವನು ನೋಡಿಕೊಳ್ಳುತ್ತಾನೆಂಬುದು ಗೃಹಸ್ಥರ ಎಣಿಕೆ. ಅವನಾದರೋ ಆ ಹಣವನ್ನು ಮನೆಗೆ ಉಳಿಸಿ ಮುಂದಿನ ಆಸನವನ್ನು ಹಿಂದಕ್ಕೆ ಒರಗಿಸಿಕೊಳ್ಳುತ್ತಾನೆ. ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ. ಎಂಜಿನ್ನನ್ನು ಓಡಿಸುತ್ತ ತಂಪುಗಾಳಿ ಹಾಕಿಕೊಂಡು ಮಲಗಿದರೆ ವಿಷದ ಹೊಗೆ ಒಳಗೆ ಸೇರಿ ಪ್ರಾಣವೇ ಹೋಗಬಹುದು. ಮೆತ್ತನೆಯ ಹಾಸಿಗೆಯಲ್ಲಿ ಮಲಗಿ ಎದ್ದ ಏಳು ಜನರು ನಾಲ್ಕೂವರೆಗೆ ಬಂದು ಕುಳಿತುಕೊಳ್ಳುತ್ತಾರೆ. ಅವರೆಲ್ಲರ ಜೀವವನ್ನು ಮೊಗಿಲಿಯ ಇಳಿಜಾರಿನಲ್ಲಿ ಹಿಡಿದುಕೊಂಡಿರುವವನು ಮಾತ್ರ ನಿದ್ದೆಗೆಟ್ಟವನು.

೨೦೨೫ರವರೆಗೆ ಜಾರಿಯಲ್ಲಿದ್ದ ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ಚಾಲಕನಿಗೆ ದಿನಕ್ಕೆ ಎಂಟು ಗಂಟೆಯ ಕೆಲಸವೆಂದು ಕಟ್ಟುಮಾಡಿತ್ತು. ದೂರದ ದಾರಿಯಲ್ಲಿ ಹೆಚ್ಚೆಂದರೆ ಹತ್ತಾಗಿತ್ತು. ಮಂಗಳೂರಿನಿಂದ ಕೋಲಾರಕ್ಕೆ ಬರುವ ಹೊತ್ತಿಗೆ ಈ ಹತ್ತು ಗಂಟೆಗಳು ಮುಗಿದೇ ಇರುತ್ತವೆ. ಮಗನೋ ಅಳಿಯನೋ ಸ್ವಂತ ಮೋಟಾರನ್ನು ನಡೆಸುತ್ತಿದ್ದರೆ ಕಾಯಿದೆ ಅನ್ವಯಿಸುವುದಿಲ್ಲ, ನಿದ್ದೆ ಮಾತ್ರ ಅನ್ವಯಿಸುತ್ತದೆ. ಅಂತಹವನಿಗೆ ಅಳುವ ಮಗುವಿಲ್ಲದ ಕೊಠಡಿಯನ್ನು ಕೊಟ್ಟು, ಎಲ್ಲರಿಗಿಂತ ಮೊದಲು ಊಟ ಹಾಕಿ ಮಲಗಿಸುವುದು ಮನೆಯವರ ಕೆಲಸ. ಹಿಂದೆ ಛತ್ರಗಳಲ್ಲಿ ಗಾಡಿ ನಿಂತೊಡನೆ ನೊಗ ಇಳಿಸಿ, ಎತ್ತುಗಳಿಗೆ ನೀರು ತೋರಿಸಿ ಹುಲ್ಲು ಹಾಕಿದ ಮೇಲೆಯೇ ಹೆಂಗಸರು ಒಲೆ ಹಚ್ಚುತ್ತಿದ್ದರು. ಎತ್ತು ಮಲಗದಿದ್ದರೆ ನಾಳೆ ಗಾಡಿಯಿಲ್ಲವೆಂಬುದು ಅವರಿಗೆ ತಿಳಿದಿತ್ತು.

ಹೆದ್ದಾರಿಯ ಪಕ್ಕದ ಕೆಲವು ದೊಡ್ಡ ಹೋಟೆಲುಗಳಲ್ಲಿ ಚಾಲಕರಿಗೆಂದೇ ಸಾಲಾಗಿ ಮಂಚಗಳಿರುವ ಕೋಣೆಯೊಂದಿರುತ್ತದೆ. ಸ್ನಾನಕ್ಕೂ ಅಲ್ಲಿಯೇ ಏರ್ಪಾಟಿರುತ್ತದೆ. ದೂರವಾಣಿಯಲ್ಲಿ ವಿಚಾರಿಸುವಾಗ ಬಾಡಿಗೆಯನ್ನು ಕೇಳುವುದಕ್ಕಿಂತ ಮುಂಚೆ ಇದನ್ನು ಕೇಳಿರಿ. ಇಲ್ಲವೆಂದರೆ ಊರೊಳಗಿನ ಸಾಧಾರಣ ಲಾಡ್ಜಿನಲ್ಲಿ ಒಂಟಿ ಮಂಚದ ಕೊಠಡಿಯೊಂದನ್ನು ಅವನ ಹೆಸರಿಗೆ ಹಿಡಿಯಿರಿ. ಹಣವನ್ನು ಅವನ ಕೈಗೆ ಕೊಡದೆ ಲಾಡ್ಜಿನ ಗುಮಾಸ್ತನಿಗೇ ಕೊಡುವುದು ಮೇಲು. ಕೈಗೆ ಕೊಟ್ಟರೆ ಅವನು ಮತ್ತೆ ಗಾಡಿಯಲ್ಲೇ ಮಲಗುತ್ತಾನೆ. ತಾವು ಒಂದು ದರ್ಜೆ ಕಡಿಮೆಯ ಕೊಠಡಿಗೆ ಇಳಿದಾದರೂ ಈ ವೆಚ್ಚವನ್ನು ಹೊಂದಿಸಿಕೊಳ್ಳಬಹುದು.

ಹಿಂದಿರುಗುವ ದಾರಿಯಲ್ಲಿ ಇದು ಇನ್ನೂ ಅಗತ್ಯ. ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರಲ್ಲಿ ಚಾಲಕನೂ ಒಬ್ಬನಾಗಿರುತ್ತಾನೆ; ಅವನಿಗೂ ಹರಕೆಯಿರುತ್ತದೆ. ಸಂಜೆ ಬೆಟ್ಟ ಇಳಿದು, ಲಾಡು ಕಟ್ಟಿಕೊಂಡು, ರಾತ್ರಿಯೇ ಊರು ಸೇರಬೇಕೆಂಬ ಆತುರ ಎಲ್ಲರಿಗೂ ಹುಟ್ಟುವುದು ಸಹಜ. ಏಳು ಗಂಟೆಗೆ ತಿರುಪತಿಯನ್ನು ಬಿಟ್ಟವರು ಹತ್ತು ಹತ್ತೂವರೆಗೆ ಮುಳಬಾಗಿಲಿಗೆ ಬರುತ್ತಾರೆ. ಹೋಗುವಾಗಲೇ ಎರಡು ಕೊಠಡಿಗಳಿಗೂ ಚಾಲಕನ ಮಂಚಕ್ಕೂ ಮುಂಗಡ ಕೊಟ್ಟು ರಸೀದಿ ಪಡೆದಿದ್ದರೆ ಆ ಹೊತ್ತಿನಲ್ಲಿ ಚರ್ಚೆಗೆ ಎಡೆಯಿರುವುದಿಲ್ಲ. ಬೆಳಗಾಗುವ ವೇಳೆಗೆ ಊರಿನಲ್ಲಿ ಕಾವಲಿ ಕಾದಿರುತ್ತದೆ. ಬೆಂಗಳೂರಿಗೆ ಅಲ್ಲಿಂದ ಇನ್ನು ಸುಮಾರು ನೂರು ಕಿಲೋಮೀಟರು ಉಳಿದಿರುತ್ತದೆ.